ನೀರುಚಿಗಟಕ್ಕೆ ವಿಷ ತಾಳುವ ಶಕ್ತಿ ಎಲ್ಲಿಂದ?

ಈ ಹನಿಯನ್ನು ಹತ್ತಿರದಿಂದ ನೋಡಿ. ಅದರೊಳಗೆ ಎಳ್ಳುಕಾಳಿನಷ್ಟು ದೊಡ್ಡ ಜೀವಿಯಿದೆಯಲ್ಲ, ಅದೇ ಡ್ಯಾಫ್ನಿಯಾ, ಅಂದರೆ ನೀರುಚಿಗಟ. ಮೈ ಗಾಜಿನಂತೆ, ಪಟಪಟ ಬಡಿಯುವ ಹೃದಯವೂ ಕಾಣುತ್ತೆ! ನಡುವಿನ ಆ ಹಸಿರು ಗೆರೆ ಕರುಳು, ತಿಂದ ಪಾಚಿಯಿಂದ ತುಂಬಿದೆ.

ಆದರೆ ಕೆರೆಯಲ್ಲಿ ಮೈಕ್ರೋಸಿಸ್ಟಿಸ್ ಎಂಬ ವಿಷಪಾಚಿ ಉಕ್ಕಿದರೆ? ಕೆಲವು ಸಾಯುತ್ತವೆ, ಕೆಲವು ತಡೆದುಕೊಳ್ಳುತ್ತವೆ. ಯಾಕೆ?

ಬೆಲ್ಜಿಯಂನ ಲ್ಯುವೆನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗ ನನಗಂತೂ ಬಹಳ ಇಷ್ಟ. ಮೊದಲು ಬ್ಯಾಕ್ಟೀರಿಯಾ ಇಲ್ಲದ ನೀರುಚಿಗಟಗಳನ್ನು ಬೆಳೆಸಿದರು. ಆಮೇಲೆ ಅವಕ್ಕೆ ಬೇರೆ ನೀರುಚಿಗಟಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು. ಮುಂಚೆಯೇ ವಿಷಪಾಚಿ ತಿಂದು ಪಳಗಿದವುಗಳ ಬ್ಯಾಕ್ಟೀರಿಯಾ ಸಿಕ್ಕಾಗ ವಿಷವನ್ನು ಹೆಚ್ಚು ತಾಳಿಕೊಂಡವು. ತಾಳುವ ಶಕ್ತಿಯೂ ಬ್ಯಾಕ್ಟೀರಿಯಾದ ಜೊತೆಗೇ ದಾಟಿ ಬಂದಿತ್ತು!

ಆದರೆ ಯಾವ ಬ್ಯಾಕ್ಟೀರಿಯಾ ಕರುಳಲ್ಲಿ ನೆಲೆಸುತ್ತೆ ಅನ್ನುವುದರಲ್ಲಿ ಡ್ಯಾಫ್ನಿಯಾದ ವಂಶವಾಹಿಗಳ ಪಾತ್ರವೂ ಇದೆ.