ಮುಖಪುಟವಿಲ್ಲದ ಸಂಪುಟಗಳು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಟಗೇರಿಯ ನಮ್ಮ ಮನೆಗೆ ಬಂದನು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, ಎರಡೂ ಕೈಗಳಲ್ಲಿ ಹಿಡಿಯಬೇಕಾದಷ್ಟು ದೊಡ್ಡದಾದ ಒಂದು ಪುಸ್ತಕವನ್ನು ಚೀಲದಿಂದ ಹೊರತೆಗೆದು, "ಸರ, ಬಯ್ಯಬ್ಯಾಡ್ರಿ. ಇದು ಕಾಮಿಕ್ಸಿನ ಪುಸ್ತಕ ಐತ್ರಿ. ಆದ್ರೂ ನೀವು ಒಮ್ಮೆ ನೋಡಬೇಕು" ಎಂದು ಮುಂದಿಟ್ಟನು. ಹಳಗನ್ನಡ ಕಲಿಸಿದ ಅಧ್ಯಾಪಕನ ಎದುರಿಗೆ ಅಂಥ ಪುಸ್ತಕವನ್ನು ಇಡುವಾಗ ಅವನಿಗಿದ್ದ ಸಂಕೋಚವನ್ನು ಕಂಡು ನನಗೆ ನಗು ಬಂದಿತು. ಆಮೇಲೆ ತುಸು ನಾಚಿಕೆಯೂ ಆಯಿತು. ಆ ಸಂಕೋಚವನ್ನು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬನಲ್ಲವೆ?

ಪುಸ್ತಕದ ಹೆಸರು 'ಕರ್ಬಿ: ಕಿಂಗ್ ಆಫ್ ಕಾಮಿಕ್ಸ್'. ಬರೆದವರು ಮಾರ್ಕ್ ಇವೆನಿಯರ್, ಪ್ರಕಟವಾದದ್ದು ೨೦೦೮ರಲ್ಲಿ. ಅಮೆರಿಕದ ಚಿತ್ರಕಥೆಗಳ ಲೋಕದಲ್ಲಿ ಮೇರುವೆನಿಸಿದ ಜ್ಯಾಕ್ ಕರ್ಬಿಯ (೧೯೧೭-೧೯೯೪) ಬಾಳನ್ನೂ ಬರೆಹವನ್ನೂ ಒಂದೆಡೆ ಕೂಡಿಸಿದ ಸಂಪುಟವದು. ನ್ಯೂಯಾರ್ಕಿನ ಬಡವರ ಕೇರಿಯೊಂದರಲ್ಲಿ ಹುಟ್ಟಿದ ಈ ಮನುಷ್ಯನು ೧೯೪೧ರಲ್ಲಿ ಜೋ ಸೈಮನ್ ಎಂಬವನೊಡನೆ ಕೂಡಿ 'ಕ್ಯಾಪ್ಟನ್ ಅಮೆರಿಕ' ಎಂಬ ವೀರನನ್ನು ಸೃಷ್ಟಿಸಿದನು. ಅಮೆರಿಕವು ಮಹಾಯುದ್ಧಕ್ಕೆ ಇಳಿಯುವ ಮೊದಲೇ ಆ ವೀರನು ಮುಖಪುಟದ ಮೇಲೆ ಹಿಟ್ಲರನ ದವಡೆಗೆ ಗುದ್ದಿಯಾಗಿತ್ತು! ೧೯೬೧ರಿಂದ ಮುಂದೆ ಸ್ಟ್ಯಾನ್ ಲೀಯೊಡನೆ 'ಫೆಂಟಾಸ್ಟಿಕ್ ಫೋರ್', 'ಹಲ್ಕ್', 'ಥಾರ್' ಮೊದಲಾದ ಅತಿಮಾನುಷರ ಪರಂಪರೆಯೇ ಆ ಕೈಯಿಂದ ಇಳಿದು ಬಂದಿತು. ನಮ್ಮ ಗದುಗಿನ ಹುಡುಗರು ಇಂದು ಪರದೆಯ ಮೇಲೆ ಕಂಡು ಸಿಳ್ಳೆ ಹಾಕುವ ವೀರರಲ್ಲಿ ಹಲವರಿಗೆ ಮೊದಲ ಮುಖ ಬರೆದವನು ಅವನೇ.

ಆ ವೀರರ ಪರಾಕ್ರಮಕ್ಕಿಂತ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಆ ಸಂಪುಟದ ಉದ್ದೇಶ. ಅಲ್ಲಿ ಅಚ್ಚಿಗೆ ಹೋಗುವ ಮುಂಚಿನ ಮೂಲಪುಟಗಳನ್ನೂ ಕೊಟ್ಟಿದ್ದಾರೆ. ಒಂದು ಕೈ ಕಾಗದದ ಮೇಲೆ ಹೇಗೆ ನಡೆಯಿತೆಂಬುದು ಕಣ್ಣಿಗೆ ಕಾಣುತ್ತದೆ. ಕರ್ಬಿಯು ತಾನು ಬರೆದ ಮೂಲಪುಟಗಳನ್ನು ತನಗೆ ಹಿಂದಿರುಗಿಸಬೇಕೆಂದು ೧೯೮೦ರ ದಶಕದಲ್ಲಿ ತನ್ನ ಪ್ರಕಾಶಕರೊಡನೆ ಹೋರಾಡಬೇಕಾಯಿತು. ಹಿಂದಿರುಗಿದ್ದು ಒಂದು ಭಾಗ ಮಾತ್ರ. ಅವನ ಮಕ್ಕಳಿಗೂ ಪ್ರಕಾಶಕರಿಗೂ ರಾಜಿಯಾದದ್ದು ೨೦೧೪ರಲ್ಲಿ, ಅವನು ತೀರಿ ಇಪ್ಪತ್ತು ವರುಷಗಳಾದ ಮೇಲೆ. ಅವನಿಗಿಂತ ಹಿಂದೆ, ೧೯೩೮ರಲ್ಲಿ 'ಸೂಪರ್‌ಮ್ಯಾನ್'ನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ ಎಂಬ ತರುಣರಂತೂ ಆ ವೀರನ ಸಕಲ ಹಕ್ಕುಗಳನ್ನೂ ೧೩೦ ಡಾಲರಿಗೆ ಮಾರಿಕೊಂಡಿದ್ದರು. ಬೆಟ್ಟವನ್ನೆತ್ತುವ ವೀರನನ್ನು ಬರೆದವರಿಗೆ ತಮ್ಮ ಹೆಸರನ್ನು ಎತ್ತಿ ನಿಲ್ಲಿಸುವುದು ಇಷ್ಟು ಕಷ್ಟವಾಯಿತು. ಆದುದರಿಂದಲೇ ಒಬ್ಬ ಕಲಾವಿದನ ಹೆಸರನ್ನು ಮೇಲೆ ದಪ್ಪಕ್ಷರದಲ್ಲಿ ಹೊತ್ತ ಆ ಸಂಪುಟಕ್ಕೆ ಬೆಲೆ.

ಸೋಜಿಗವೆಂದರೆ, ಅದೇ ೨೦೦೮ರಲ್ಲಿ ನಮ್ಮ ಕಡೆಯೂ ಒಂದು ಸ್ಮರಣ ಸಂಪುಟ ಹೊರಬಂದಿತು. 'ಚಂದಮಾಮ' ಪತ್ರಿಕೆಗೆ ಅರವತ್ತು ತುಂಬಿದ ನೆನಪಿಗಾಗಿ ಸಿದ್ಧವಾದ ಅದನ್ನು ಅಮಿತಾಭ್ ಬಚ್ಚನ್ ಅವರು ಬಿಡುಗಡೆ ಮಾಡಿದರು. ಅದರ ಹಣೆಯ ಮೇಲಿದ್ದ ಹೆಸರು ಪತ್ರಿಕೆಯದು. ತಪ್ಪೇನೂ ಇಲ್ಲ, ಹಬ್ಬ ಪತ್ರಿಕೆಯದೇ ಆಗಿತ್ತು. ಆದರೆ ಆ ಪತ್ರಿಕೆಯನ್ನು ನೆನೆದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯಾವುದು? ಕಥೆಯ ಒಂದು ವಾಕ್ಯವೆ? ಅಲ್ಲ, ಚಿತ್ರ.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ೧೯೪೭ರ ಜುಲೈಯಲ್ಲಿ ತೆಲುಗು-ತಮಿಳುಗಳಲ್ಲಿ ಆರಂಭಿಸಿದ ಚಂದಮಾಮವು ಒಂದೆರಡು ವರುಷಗಳಲ್ಲಿಯೇ ಕನ್ನಡಕ್ಕೂ ಬಂದು, ಮುಂದೆ ಹನ್ನೆರಡು ಭಾಷೆಗಳಿಗೆ ಹಬ್ಬಿತು. ಮಾತು ಭಾಷೆಭಾಷೆಗೆ ಬದಲಾಗುತ್ತಿತ್ತು. ಚಿತ್ರವು ಎಲ್ಲ ಭಾಷೆಗಳಿಗೂ ಒಂದೇ. ಚಿತ್ರದ ಸುತ್ತ ಉಳಿದ ಜಾಗದಲ್ಲಿ ನಮ್ಮ ಕನ್ನಡದ ಅಕ್ಷರಗಳು ಒತ್ತುಗಳನ್ನು ಮುದುರಿಕೊಂಡು ಕುಳಿತುಕೊಳ್ಳಬೇಕಾಗಿತ್ತು. ಆ ಚಿತ್ರಗಳನ್ನು ಬರೆದವರು ಯಾರು? 'ಚಿತ್ರಾ' ಎಂದು ರುಜು ಹಾಕುತ್ತಿದ್ದ ಟಿ. ವಿ. ರಾಘವನ್, 'ವಪಾ' ಎಂಬ ಎರಡಕ್ಷರದಲ್ಲಿ ಅಡಗಿ ಕುಳಿತ ವಡ್ಡಾದಿ ಪಾಪಯ್ಯ, 'ಶಂಕರ್' ಆದ ಕೆ. ಸಿ. ಶಿವಶಂಕರನ್, ಮತ್ತು ನಮ್ಮವರೇ ಆದ ಎಂ. ಟಿ. ವಿ. ಆಚಾರ್ಯ. ಆಚಾರ್ಯರು ಮದರಾಸಿನಲ್ಲಿದ್ದಾಗ ಚಂದಮಾಮದ ಮುಖಪುಟಗಳಿಗಾಗಿ ಬರೆದ ಮಹಾಭಾರತದ ಚಿತ್ರಗಳು ಒಂದು ತಲೆಮಾರಿನ ಕನ್ನಡ ಮಕ್ಕಳಿಗೆ ಭೀಮಾರ್ಜುನರ ಮುಖವನ್ನು ಕಾಣಿಸಿಕೊಟ್ಟವು. ಬಳಿಕ ಅವರು ಬೆಂಗಳೂರಿನಲ್ಲಿ ಚಿತ್ರಕಲಾ ಭವನವನ್ನು ಸ್ಥಾಪಿಸಿ ಅಂಚೆಯ ಮೂಲಕ ಚಿತ್ರವಿದ್ಯೆಯನ್ನು ಕಲಿಸಿದುದನ್ನು ಹಿರಿಯರು ಬಲ್ಲರು. ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದನೆಂದು ಹೆಮ್ಮೆಪಡುವ ನಮ್ಮ ಊರಿನಲ್ಲಿ, ಆ ಭಾರತದ ವೀರರು ಹೇಗಿದ್ದರೆಂದು ಕೇಳಿದರೆ ಹಳಬರು ನೆನಪಿನಿಂದ ವರ್ಣಿಸುವುದು ಬಹುಮಟ್ಟಿಗೆ ಆಚಾರ್ಯರ ಚಿತ್ರವನ್ನೇ.

ಇನ್ನು ಶಂಕರ್. ೧೯೨೪ರಲ್ಲಿ ಹುಟ್ಟಿ, ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ಕಲಿತು, ೧೯೫೦ರ ದಶಕದ ಮೊದಲಲ್ಲಿ ಚಂದಮಾಮವನ್ನು ಸೇರಿದ ಇವರು ಆ ಪತ್ರಿಕೆಯು ೨೦೧೨-೧೩ರ ಸುಮಾರಿಗೆ ನಿಂತುಹೋಗುವವರೆಗೂ ಅದರ ಜತೆಗೇ ಇದ್ದರು. ಒಂದೇ ಪತ್ರಿಕೆಗೆ ಅರವತ್ತು ವರುಷ! ೨೦೨೦ರ ಸೆಪ್ಟಂಬರಿನಲ್ಲಿ ತೀರಿಕೊಂಡರು. ಮರುವರುಷ ಪದ್ಮಶ್ರೀ ಬಂದಿತು. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಹಿಂದೆ ಸ್ಮಶಾನದ ಮರಗಳು, ನಡುವೆ ನಡೆದು ಬರುತ್ತಿರುವ ವಿಕ್ರಮರಾಜ: ಈ ಚಿತ್ರವನ್ನು ಕಾಣದ ಕನ್ನಡ ಓದುಗನುಂಟೆ?

ಅಮೆರಿಕದ ಅತಿಮಾನುಷ ವೀರರ ಪಕ್ಕದಲ್ಲಿ ಈ ವಿಕ್ರಮನನ್ನು ನಿಲ್ಲಿಸಿ ನೋಡಬೇಕೆಂದು ನನಗೆ ತೋರುತ್ತದೆ. ಅವನು ಹಾರಲಾರ, ಅವನ ಕಣ್ಣುಗಳಿಂದ ಬೆಂಕಿ ಹೊರಡದು. ಅವನ ಶಕ್ತಿಯೆಲ್ಲ ಮರಳಿ ಮರದ ಬಳಿಗೆ ಹೋಗುವುದರಲ್ಲಿದೆ. ಬೇತಾಳನ ಪ್ರಶ್ನೆಗೆ ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು ಶವ ಮರವನ್ನೇರುತ್ತದೆ. ಬಲ್ಲವನಾದುದರಿಂದಲೇ ತಿಂಗಳು ತಿಂಗಳೂ ಸೋಲುವ ವೀರನೊಬ್ಬನು ಬೇರೆ ಯಾವ ದೇಶದ ಚಿತ್ರಕಥೆಯಲ್ಲಿದ್ದಾನೆಯೋ ನಾನರಿಯೆ. ಮೂಲದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು. ಚಂದಮಾಮದವರು ಅದೇ ಚೌಕಟ್ಟಿನಲ್ಲಿ ನೂರಾರು ಹೊಸ ಕಥೆಗಳನ್ನು ಹೊಸೆದರು. ಅಷ್ಟು ಸಲವೂ ಆ ರಾಜನನ್ನು ದಣಿಯದವನಂತೆ ನಡೆಸಬೇಕಾದುದು ಚಿತ್ರಕಾರನ ಪಾಲಿನ ಕೆಲಸ. ಚೌಕಟ್ಟುಗಳ ಸಾಲಿನಲ್ಲಿ ಕಥೆ ಹೇಳುವ ಕಾಮಿಕ್ಸಿನ ರೀತಿ ಅಲ್ಲಿರಲಿಲ್ಲ, ನಿಜ. ಪುಟಕ್ಕೆ ಒಂದೇ ಚಿತ್ರದಲ್ಲಿ ಇಡೀ ಸಂದರ್ಭವನ್ನು ಹಿಡಿಯಬೇಕಾಗಿತ್ತು. ಅದು ಹೆಚ್ಚು ಕಷ್ಟವೆಂದೇ ನನ್ನ ಅಭಿಪ್ರಾಯ.

ಮುದ್ರಣಕಾಶಿಯೆಂದು ಹೆಸರಾದ ಗದುಗಿನವರಿಗೆ ಆ ಕಷ್ಟದ ಇನ್ನೊಂದು ಮುಖವನ್ನು ವಿವರಿಸಬೇಕಾಗಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರವನ್ನು ಸತುವಿನ ತಗಡಿನ ಮೇಲೆ ಆಮ್ಲದಿಂದ ಕೊರೆಸಿ 'ಬ್ಲಾಕು' ಮಾಡಿಸುತ್ತಿದ್ದರು. ಅದರಲ್ಲಿ ಕಪ್ಪು ಉಂಟು, ಬಿಳಿ ಉಂಟು. ನಡುವಣ ಬೂದು ಇಲ್ಲ. ನೆರಳು ಬೇಕಾದರೆ ಗೆರೆಗಳನ್ನು ಒತ್ತಾಗಿ ಎಳೆದು ಹುಟ್ಟಿಸಬೇಕು. ತೀರ ತೆಳುವಾದರೆ ಗೆರೆ ಮಾಯವಾಗುತ್ತದೆ. ತೀರ ಒತ್ತಾದರೆ ಅಗ್ಗದ ಕಾಗದದ ಮೇಲೆ ಮಸಿ ಕಲಸಿ ಹೋಗುತ್ತದೆ. ಶಂಕರರ ರಾಜನ ಕವಚದ ಮಿನುಗನ್ನೂ ಆಲದ ಬಿಳಲುಗಳ ಕತ್ತಲನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದರೆ ಅವರ ಕೈಯ ಅಳತೆ ಅರಿವಾಗುತ್ತದೆ. ಚಿಕ್ಕಂದಿನಲ್ಲಿ ನನಗೆ ಉಜ್ಜಯಿನಿಯ ಅರಮನೆಯೆಂದರೆ ನಮ್ಮ ತ್ರಿಕೂಟೇಶ್ವರನ ಗುಡಿಯ ಕಡೆದ ಕಂಬಗಳೇ. ಚಿತ್ರದಲ್ಲಿನ ಕಂಬಗಳು ಹಾಗೆ ನಂಬಿಸಿದ್ದವು.

ಈ ಕಥೆಗಳಿಗೂ ನಮ್ಮ ನೆಲಕ್ಕೂ ಇನ್ನೊಂದು ನಂಟಿದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದು ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹನು ಕಿಸುಕಾಡಿನ ಸಯ್ಯಡಿಯವನು. ಎಂದರೆ ಇಂದಿನ ರೋಣ ತಾಲೂಕಿನ ಸವಡಿ. ಅವನು ತನ್ನ ಕೃತಿಯ ಮೊದಲಲ್ಲಿ ಗುಣಾಢ್ಯನನ್ನೂ ವಸುಭಾಗಭಟ್ಟನನ್ನೂ ಹೆಸರಿಸಿ, ಕಥೆ ತನಗೆ ಯಾರ ಕೈಯಿಂದ ಬಂದಿತೆಂಬುದನ್ನು ಹೇಳಿಯೇ ಮುಂದುವರಿಯುತ್ತಾನೆ. ಗುಣಾಢ್ಯನ ಬೃಹತ್ಕಥೆಯ ಪರಂಪರೆಯಲ್ಲಿಯೇ ಮುಂದೆ ಸೋಮದೇವನ ಕಥಾಸರಿತ್ಸಾಗರವು ಬೇತಾಳನನ್ನು ಹೊತ್ತು ತಂದಿತು. ಇತ್ತ ಶಿಲ್ಪಿಗಳೂ ಹೆಸರಿಲ್ಲದವರಾಗಿರಲಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗುಂಡನೆಂಬ ಸೂತ್ರಧಾರಿಯ ಹೆಸರು ಕಲ್ಲಿನಲ್ಲಿದೆ. ಬೇಲೂರಿನ ಮದನಿಕೆಯರ ಪಾದದ ಬಳಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಇಂಥ ರೂಢಿಯಿದ್ದ ನಾಡಿನಲ್ಲಿ, ನಮ್ಮ ಸಾಹಿತ್ಯ ಚರಿತ್ರೆಗಳು ಮಕ್ಕಳ ಸಾಹಿತ್ಯಕ್ಕೆ ಎರಡು ಪುಟ ಕೊಟ್ಟರೂ ಅದಕ್ಕೆ ಚಿತ್ರ ಬರೆದವರಿಗೆ ಎರಡು ಸಾಲು ಕೊಡುವುದಿಲ್ಲ. ನಾನು ಇಪ್ಪತ್ತು ವರುಷ ಪಾಠ ಹೇಳಿದವನು. ಈ ಹೆಸರುಗಳಲ್ಲಿ ಒಂದನ್ನೂ ತರಗತಿಯಲ್ಲಿ ಉಚ್ಚರಿಸಿದ ನೆನಪಿಲ್ಲ.

ಕರ್ಬಿಯ ಪುಸ್ತಕವನ್ನು ಮುಚ್ಚಿದ ಮೇಲೆ ಲಕ್ಷ್ಮೇಶ್ವರದ ನಮ್ಮ ಸೋದರಮಾವನವರ ನೆನಪಾಯಿತು. ಅವರಲ್ಲಿ ಚಂದಮಾಮದ ಹಳೆಯ ಸಂಚಿಕೆಗಳನ್ನು ವರುಷಕ್ಕೊಂದರಂತೆ ರಟ್ಟು ಕಟ್ಟಿಸಿದ ಸಂಪುಟಗಳಿದ್ದವು. ಮರುದಿನವೇ ಬಸ್ಸು ಹತ್ತಿದೆನು. ಎಂಬತ್ತರ ಸಮೀಪದ ಮಾಮಾ ಅಟ್ಟದಿಂದ ಏಳು ಸಂಪುಟಗಳನ್ನು ಇಳಿಸಿಸಿ ಮುಂದೆ ಹರಡಿದರು. ಬೆನ್ನಿಗೆ ಕೆಂಪು ಅರಿವೆ, ಒಳಗೆ ಹಳದಿಯಾದ ಪುಟಗಳು, ಎಲ್ಲವೂ ಕ್ರಮವಾಗಿದ್ದವು. ಆದರೆ ತಿರುವುತ್ತ ಹೋದಂತೆ ಒಂದು ಕೊರತೆ ಕಂಡಿತು. ಒಂದು ಸಂಚಿಕೆಗೂ ಮುಖಪುಟವಿರಲಿಲ್ಲ.

"ಮಾಮಾ, ಮುಖಪುಟ ಎಲ್ಲಿ ಹೋದವು?"

"ಏನ್ ಕೇಳತಿ ತಮ್ಮಾ! ದಪ್ಪ ಕಾಗದ, ಹೊಲಿಗಿಗೆ ಬರಾಂಗಿಲ್ಲ ಅಂತ ಬೈಂಡಿಂಗಿನವ ಎಲ್ಲಾ ಹರದು ಒಗದಿದ್ದ. ನಾ ಸಾಲಿಯಿಂದ ಬಂದು ನೋಡತೀನಿ, ಪುಸ್ತಕಕ್ಕ ಮಾರೀನ ಇಲ್ಲ! ಅವತ್ತ ಉಣಲಿಲ್ಲ ನಾನು."

ಅವನೊಬ್ಬನ ತಪ್ಪಲ್ಲ. ಜಾಹೀರಾತಿನ ಹಾಳೆಗಳನ್ನೂ ಮೇಲುಹೊದಿಕೆಯನ್ನೂ ತೆಗೆದು ಒಳಪುಟಗಳನ್ನಷ್ಟೇ ಹೊಲಿಯುವುದು ಎಲ್ಲ ಕಡೆಯೂ ರಟ್ಟು ಕಟ್ಟುವವರ ವಾಡಿಕೆ. ಎಷ್ಟೋ ಗ್ರಂಥಾಲಯಗಳಲ್ಲಿಯೂ ಹಾಗೆಯೇ ಮಾಡಿಸಿದ್ದಾರೆ. ಹೀಗಾಗಿ ಒಳಗಿನ ಚಿತ್ರಗಳನ್ನು ಬರೆದ ಶಂಕರ್, ಚಿತ್ರಾ ಅವರು ಹೇಗೋ ಉಳಿದುಕೊಂಡರು. ಮುಖಪುಟವನ್ನೇ ಕ್ಷೇತ್ರವಾಗಿ ಮಾಡಿಕೊಂಡಿದ್ದ ಆಚಾರ್ಯ, ವಪಾ ಅವರ ಬಣ್ಣದ ಚಿತ್ರಗಳು, ಜೋಪಾನ ಮಾಡಬೇಕೆಂದವರ ಮನೆಗಳಲ್ಲಿಯೇ ಕಸವಾದವು. ಜೋಪಾನ ಮಾಡದವರ ಮನೆಯ ಮಾತು ಬೇರೆ. ಮುಂಡರಗಿಯಲ್ಲಿ ಪರಿಚಿತರೊಬ್ಬರ ಬಳಿ ಬಿಡಿ ಸಂಚಿಕೆಗಳ ದೊಡ್ಡ ರಾಶಿಯೇ ಇದೆಯೆಂದು ಕೇಳಿ ಹೋದರೆ, ಹಿಂದಿನ ದೀಪಾವಳಿಗೆ ಸುಣ್ಣ ಬಳಿಸುವಾಗ ಅಷ್ಟನ್ನೂ ರದ್ದಿಗೆ ತೂಗಿ ಹಾಕಿದ್ದರು. ಶಿರಹಟ್ಟಿಯ ಸ್ನೇಹಿತರೊಬ್ಬರಲ್ಲಿ ಹದಿನಾಲ್ಕು ಸಂಚಿಕೆಗಳು ಮುಖಪುಟಸಹಿತವಾಗಿ ದೊರೆತವು. ಗೆದ್ದಲು ಒಂದು ಮೂಲೆಯನ್ನು ರುಚಿ ನೋಡಿ ಬಿಟ್ಟಿದೆ, ಅದರ ದಯೆ.

ನನಗೆ ಬೇಕೆನಿಸುವುದು ಇಷ್ಟೆ. ಈ ನಾಲ್ವರ ಕೈಗೆಲಸವನ್ನು, ಕಲಾವಿದರ ಹೆಸರಿನಲ್ಲಿಯೇ ವಿಂಗಡಿಸಿ, ಯಾವ ವರುಷದ ಯಾವ ಸಂಚಿಕೆಯದೆಂದು ಗುರುತಿಸಿ, ಹಕ್ಕುಳ್ಳವರ ಅನುಮತಿ ಪಡೆದು, ಕನ್ನಡದಲ್ಲಿ ಒಂದು ಸಂಪುಟವಾಗಿ ತರಬೇಕು. ಮುಖಪುಟಗಳಿಗೆ ಮೊದಲ ಸ್ಥಾನವಿರಲಿ. ಪ್ರತಿ ಚಿತ್ರದ ಕೆಳಗೆ ಹೊಗಳಿಕೆಯ ಮಾತು ಬೇಡ. ಬ್ಲಾಕಿನ ಬಗೆ, ಬಣ್ಣದ ಬಗೆ, ಕುಂಚದ ನಡೆ ಇವನ್ನು ಬಲ್ಲವರಿಂದ ಬರೆಸಿದರೆ ಸಾಕು. ಅಂಥ ಬಲ್ಲವರಿಗೆ ಟಿ. ಪಿ. ಅಕ್ಕಿಯವರು ಚಿತ್ರಕಲಾ ಶಾಲೆ ಕಟ್ಟಿದ ಗದುಗಿನಲ್ಲಿ ಬರವಿಲ್ಲ, ಅಚ್ಚು ಹಾಕುವವರಿಗಂತೂ ಮೊದಲೇ ಇಲ್ಲ. ಬರವಿರುವುದು ಸಂಚಿಕೆಗಳಿಗೆ. ಮನೆಯ ಅಟ್ಟದ ಮೇಲೆ ಇರುವುದನ್ನು ಈ ವರುಷ ಕೇಳದಿದ್ದರೆ ಮುಂದಿನ ವರುಷ ಸುಣ್ಣ ಬಳಿಯುವ ಹೊತ್ತಿಗೆ ಏನಾಗುವುದೆಂಬುದನ್ನು ಮುಂಡರಗಿಯಲ್ಲಿ ಕಂಡಾಯಿತು. ನನ್ನ ಬಿ.ಎ. ತರಗತಿಯ ಆರು ಮಂದಿ ಹುಡುಗ-ಹುಡುಗಿಯರು ರವಿವಾರಗಳಂದು ಊರೂರು ತಿರುಗಿ ಪಟ್ಟಿ ಮಾಡುತ್ತಿದ್ದಾರೆ. ಕರ್ಬಿಯ ಪುಸ್ತಕ ತಂದವನೇ ಅವರಿಗೆ ಮುಂದಾಳು.

ಹೋದ ತಿಂಗಳು ಅವನನ್ನು ಕರೆದುಕೊಂಡು ಮತ್ತೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆನು. ಏಳೂ ಸಂಪುಟಗಳನ್ನು ಒಯ್ಯಲು ಮಾಮಾ ಒಪ್ಪಿದರು. ಹೊರಡುವ ಹೊತ್ತಿಗೆ, "ನಿಲ್ಲು, ಇನ್ನೊಂದು ಐತಿ" ಎಂದು ಒಳಕೋಣೆಯ ಕಟ್ಟಿಗೆಯ ಪೆಟ್ಟಿಗೆಯ ಮುಚ್ಚಳವನ್ನೆತ್ತಿದರು. ಮುಚ್ಚಳದ ಒಳಮೈಗೆ ಗಂಜಿ ಹಚ್ಚಿ ಅಂಟಿಸಿದ್ದ ಎರಡು ಮುಖಪುಟಗಳಿದ್ದವು. ಬೈಂಡಿಂಗಿನವನ ಕಸದಿಂದ ಎಂಟು ವರುಷದ ಹುಡುಗನು ಅಂದು ಆರಿಸಿ ತಂದವು. ಒಂದರಲ್ಲಿ ಗದೆಯಿಂದ ಭೀಮನೆಂದು ತಿಳಿಯಬೇಕು. ಮುಖವನ್ನು ಇಲಿ ತಿಂದಿದೆ. ಇನ್ನೊಂದು ಇಡಿಯಾಗಿದೆ, ಬಣ್ಣ ಮಾಸಿಲ್ಲ, ಕೆಳಗಿನ ಅಂಚಿನಲ್ಲಿ ರುಜುವಿನ ಅರ್ಧ ಕಾಣುತ್ತದೆ.

"ಪುಸ್ತಕ ಒಯ್ಯಿ. ಪೆಟಗಿ ಕೊಡಾಂಗಿಲ್ಲ. ಬೇಕಂದ್ರ ಫೋಟೋ ಹೊಡಕೋರಿ" ಎಂದು ಮಾಮಾ ಧೋತರದ ಸೆರಗಿನಿಂದ ಮುಚ್ಚಳದ ಧೂಳನ್ನು ಒರೆಸಿ ಪಕ್ಕಕ್ಕೆ ಸರಿದು ನಿಂತರು. ಹುಡುಗನು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಬೆಳಕು ಓರೆಯಾಗಿ ಬೀಳುವಂತೆ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸತೊಡಗಿದನು.