ಮೆಣಸಿನಕಾಯಿಯ ಮುಟುರು ರೋಗವೂ ಗ್ರಾಮದ ಕರ್ತವ್ಯವೂ

ಸಿರುಗುಪ್ಪ ಮತ್ತು ಕುರುಗೋಡು ಸೀಮೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯು ರೈತರಿಗೆ ಹಣ ತರುವ ಮುಖ್ಯ ಪೈರುಗಳಲ್ಲೊಂದಾಗಿರುವುದು. ಎಲೆ ಮುಟುರು ರೋಗ ತಗಲಿದರೆ ಎಲೆಗಳು ಮೇಲ್ಮುಖವಾಗಿ ಮುದುಡಿ, ನರಗಳು ದಪ್ಪವಾಗಿ, ಗಿಡವು ಗಿಡ್ಡಾಗಿ, ಕಾಯಿ ಕಟ್ಟುವುದು ಕುಂದುವುದು. ನುಸಿಗಳ ಬಾಧೆಯಿಂದಲೂ ಎಲೆ ಮುಟುರುವುದುಂಟು. ಆದರೆ ಇಲ್ಲಿ ವಿವರಿಸುವ ರೋಗಕ್ಕೆ ಕಾರಣವು ಬಿಳಿನೊಣವು ಗಿಡದಿಂದ ಗಿಡಕ್ಕೆ ಒಯ್ಯುವ ವೈರಸ್ ಎಂಬ ನಂಜಾಣು. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ.

ನಂಜಾಣುವು ತಾನಾಗಿ ವೃದ್ಧಿಯಾಗಲಾರದು. ಗಿಡದ ಜೀವಕೋಶವನ್ನು ಹೊಕ್ಕು, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದು. ಆ ಕೆಲಸದ ಆರಂಭಕ್ಕೆ ಅದರದೇ ಆದ ಒಂದು ಕಿಣ್ವವು ಬೇಕು. ಈ ಕಿಣ್ವವು ನಂಜಾಣುವಿನ ಉಂಗುರಾಕಾರದ ವಂಶಸೂತ್ರದ ಒಂದು ಎಳೆಯನ್ನು ಗೊತ್ತಾದ ಸ್ಥಾನದಲ್ಲಿ ಕತ್ತರಿಸುವುದು. ಕಿಣ್ವವಾದರೋ ಸುಮಾರು 360 ಅಮೈನೋ ಆಮ್ಲಗಳನ್ನು ಮಣಿಸರದಂತೆ ಪೋಣಿಸಿ ಆದುದು. ಕತ್ತರಿಸುವ ಭಾಗದಲ್ಲಿರುವ ಟೈರೋಸಿನ್ ಎಂಬ ಒಂದು ಮಣಿ ಬದಲಾದರೆ ಸಾಕು, ಕುಳ ಕಳಚಿದ ನೇಗಿಲಿನಂತೆ ಕಿಣ್ವವು ಕೆಲಸಕ್ಕೆ ಬಾರದೆ ಹೋಗುವುದು.

ಪ್ರತಿ ಮಾಡುವಾಗ ಇಂತಹ ತಪ್ಪುಗಳು ಆಗುತ್ತಲೇ ಇರುವುವು. ಅವುಗಳಲ್ಲಿ ಹೆಚ್ಚಿನವು ನಂಜಾಣುವಿಗೆ ಹಾನಿಕರ ಇಲ್ಲವೆ ನಿಷ್ಫಲ, ಅಪರೂಪಕ್ಕೊಂದು ಅನುಕೂಲ. ಟೊಮ್ಯಾಟೊ ಪೈರಿನಲ್ಲಿ ಇದಕ್ಕೆ ಸ್ಪಷ್ಟವಾದ ದೃಷ್ಟಾಂತವಿದೆ. ಮೊಸಾಯಿಕ್ ರೋಗದ ನಂಜಾಣುವಿನ ಕಿಣ್ವವನ್ನು ಹಿಡಿದು ನಿಲ್ಲಿಸುವ ಗುಣವು ಕೆಲವು ಟೊಮ್ಯಾಟೊ ತಳಿಗಳಿಗುಂಟು. ಆ ಕಿಣ್ವದ ಸುಮಾರು 1600 ಮಣಿಗಳಲ್ಲಿ ಎರಡು ಬದಲಾದ ಮಾತ್ರಕ್ಕೆ ನಂಜಾಣುವು ತಡೆಯನ್ನು ದಾಟುವುದೆಂದು ಜಪಾನಿನ ವಿಜ್ಞಾನಿಗಳು 1988ರಲ್ಲಿ ತೋರಿಸಿದರು. ಕಿಣ್ವದ ಕೆಲಸ ಕೆಡಲಿಲ್ಲ. ತಳಿಯ ರಕ್ಷಣೆ ಮಾತ್ರ ಕೆಟ್ಟಿತು.

ಆದುದರಿಂದ ಮೆಣಸಿನಕಾಯಿಯಲ್ಲಿಯೂ ರೋಗನಿರೋಧಕ ಬೀಜವೊಂದನ್ನೇ ನಂಬಿ ಕೂಡುವುದು ವಿವೇಕವಲ್ಲ. ರೋಗದ ಗಿಡಗಳು ಹೆಚ್ಚಿದಷ್ಟೂ ನಂಜಾಣುವಿನ ಪ್ರತಿಗಳು ಹೆಚ್ಚುವುವು. ಪ್ರತಿಗಳು ಹೆಚ್ಚಿದಷ್ಟೂ ಹೊಸ ಮಾರ್ಪಾಡುಗಳಿಗೆ ಅವಕಾಶ ಹೆಚ್ಚುವುದು. ಒಬ್ಬನ ಹೊಲದ ಅಲಕ್ಷ್ಯವು ಊರಿನವರೆಲ್ಲರ ಬೀಜದ ಗುಣಕ್ಕೆ ಕುತ್ತಾಗಬಲ್ಲದು.

ಸಸಿಮಡಿಗಳನ್ನು ಬಿಳಿನೊಣ ನುಸುಳದ ನೈಲಾನ್ ಪರದೆಯಿಂದ ಮುಚ್ಚತಕ್ಕದ್ದು. ನೊಣದ ಹಾರಾಟವನ್ನು ತಡೆಯಲು ಹೊಲದ ಸುತ್ತ ಎರಡು ಮೂರು ಸಾಲು ಜೋಳವನ್ನಾಗಲಿ ಮೆಕ್ಕೆಜೋಳವನ್ನಾಗಲಿ ಮುಂಚಿತವಾಗಿ ಬಿತ್ತತಕ್ಕದ್ದು. ರೋಗದ ಗಿಡ ಕಂಡೊಡನೆ ಕಿತ್ತು ನಾಶಪಡಿಸತಕ್ಕದ್ದು. ಕೊಯ್ಲು ಮುಗಿದ ಮೇಲೆ ಹಳೆಯ ಗಿಡಗಳನ್ನು ನಿಲ್ಲಗೊಡಬಾರದು. ಬಳ್ಳಾರಿ ನಗರದಲ್ಲಿ ವಾಸವಾಗಿದ್ದು ಹೊಲಗಳನ್ನು ಗುತ್ತಿಗೆಗೆ ಕೊಟ್ಟಿರುವ ಭೂಮಾಲೀಕರು ಈ ಕ್ರಮಗಳನ್ನು ಗುತ್ತಿಗೆದಾರರಿಂದ ತಪ್ಪದೆ ನಡೆಯಿಸಬೇಕು. ಗ್ರಾಮದ ಮುಖಂಡರು ನೆರೆಹೊರೆಯ ಹೊಲದವರೆಲ್ಲರೂ ಒಂದೇ ವಾರದಲ್ಲಿ ರೋಗದ ಗಿಡಗಳನ್ನು ಕೀಳುವಂತೆ ಏರ್ಪಡಿಸುವುದು ಅತ್ಯವಶ್ಯಕ. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಕಿತ್ತವನ ಶ್ರಮವೂ ವ್ಯರ್ಥವೇ ಸರಿ.