ಎಲೆಯ ಮೇಲಣ ನೀರಹನಿ

ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಿನಂತೆ ದುಂಡಾಗಿ ಉರುಳಿಹೋಗುವುದನ್ನೂ, ತೊಳೆದ ಗಾಜಿನ ಮೇಲೆ ಅದೇ ನೀರು ತೆಳುವಾಗಿ ಹರಡಿಕೊಳ್ಳುವುದನ್ನೂ ವಾಚಕರು ಕಂಡೇ ಇರುವರು. ನೀರು ಒಂದೇ, ಭೇದವಿರುವುದು ಆಶ್ರಯದಲ್ಲಿ. ಈ ಭೇದವನ್ನು ಅಳೆಯುವುದೆಂತು?

ಹನಿಯನ್ನು ಪಕ್ಕದಿಂದ ನೋಡಬೇಕು. ಅದರ ಅಂಚು ನೆಲೆಯನ್ನು ಮುಟ್ಟುವೆಡೆಯಲ್ಲಿ ಹನಿಯ ಮೈಗೆ ಸ್ಪರ್ಶರೇಖೆಯನ್ನೆಳೆದರೆ, ಆ ರೇಖೆಗೂ ನೆಲೆಗೂ ನಡುವೆ, ನೀರಿನ ಒಳಮಗ್ಗುಲಿಗೆ ಏರ್ಪಡುವ ಕೋನವೇ ಸ್ಪರ್ಶಕೋನ. ಆಂಗ್ಲ ವಿದ್ವಾಂಸನಾದ ಥಾಮಸ್ ಯಂಗನು 1805ರಲ್ಲಿ ಇದರ ತತ್ತ್ವವನ್ನು ನಿರೂಪಿಸಿದನು. ಕೋನವು 90 ಡಿಗ್ರಿಗಿಂತ ಕಿರಿದಾದಷ್ಟೂ ನೀರು ಚೆನ್ನಾಗಿ ತೋಯಿಸುವುದು, ಹಿರಿದಾದಷ್ಟೂ ದುಂಡಾಗುವುದು. ಅತಿಶುಭ್ರವಾದ ಗಾಜಿನಲ್ಲಿ ಅದು ಸೊನ್ನೆಗೆ ಸಮೀಪ; ಮೇಣದಲ್ಲಿ ಸುಮಾರು 110; ತಾವರೆಯೆಲೆಯಲ್ಲಿ 150ನ್ನೂ ಮೀರುವುದು. ಆ ಎಲೆಯ ಮೇಣದ ಸೂಕ್ಷ್ಮವಾದ ಉಬ್ಬುಗಳ ನಡುವೆ ಗಾಳಿಯು ಸೆರೆಸಿಕ್ಕಿರುವುದೇ ಇದಕ್ಕೆ ಕಾರಣ.

ಇದು ಕೇವಲ ವಿನೋದವಲ್ಲ. ಮಲೆನಾಡಿನಲ್ಲಿ ಮಳೆಗಾಲದ ಕೊಳೆರೋಗವು ತಗಲಿತೆಂದರೆ ವರ್ಷದ ಅಡಕೆಯೇ ನೆಲಕ್ಕುದುರುವುದು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವು ಅದಕ್ಕೆ ಔಷಧ. ಆದರೆ ನುಣುಪಾದ ಎಳೆಗಾಯಿಯ ಮೇಲಿಂದ ಅದು ಹನಿಹನಿಯಾಗಿ ಜಾರಿಹೋದರೆ ಫಲವೇನು? ಆದುದರಿಂದಲೇ ಮೈಸೂರು ಸಂಸ್ಥಾನದ ಕೃಷಿಶಾಸ್ತ್ರಜ್ಞರಾಗಿದ್ದ ಕೋಲ್ಮನ್ನರು 1910ರ ಸುಮಾರಿಗೆ, ದ್ರಾವಣವು ಅಂಟಿ ನಿಲ್ಲುವಂತೆ ರಾಳವನ್ನೂ ಸೋಡವನ್ನೂ ಕೂಡಿಸುವ ಕ್ರಮವನ್ನು ಬೋಧಿಸಿದರು. ಔಷಧವು ಎಷ್ಟೇ ಗುಣಶಾಲಿಯಾಗಿರಲಿ, ನಿಲ್ಲದ ಹನಿಯಿಂದ ಗೊನೆಯು ಉಳಿಯದು.